ಒಂದು ಕಾದಂಬರಿ ಹೇಳಿ ಅಂದರೆ

ನಮ್ಮ ಬೀದಿಯ ತುದಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಹಾಸನದಲ್ಲಿ ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲ. ಅಮ್ಮ ಒಂದು ಚೀಟಿ ಬರೆದು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ‘ಅತ್ತೆ ಕಾಟ ಬೇಡ, ಸಾವು ಬೇಡ, ಕೊನೆಗೆ ಮದುವೆ ಆಗಿರಬೇಕು.’ ಅಂಗಡಿಯ ಯಜಮಾನರು ಚೀಟಿ ಓದಿ, ಒಂದು ಗಳಿಗೆ ಸೂರು ನೋಡಿ, ಸ್ಟೂಲು ಹತ್ತಿ ಒಂದು ಪುಸ್ತಕ ಎಳೆಯುತ್ತಿದ್ದರು. ‘ಇದು ಕೊಡು. ನಡುವೆ ಸ್ವಲ್ಪ ಅಳು ಇದೆ, ಆಮೇಲೆ ಸರಿಹೋಗುತ್ತೆ ಅಂತ ಹೇಳು’ ಎನ್ನುತ್ತಿದ್ದರು. ಅವರು ಹೈಸ್ಕೂಲು ದಾಟಿದವರಲ್ಲ. ಆದರೆ ಅಂಗಡಿಯಲ್ಲಿದ್ದ ಒಂದೊಂದು ಕಾದಂಬರಿಯನ್ನೂ ಓದಿದ್ದರು. ಯಾವ ಮನೆಯ ಹೆಂಗಸಿಗೆ ಯಾವುದು ಒಗ್ಗುತ್ತದೆಂದು ಬಲ್ಲವರಾಗಿದ್ದರು. ವಿಮರ್ಶೆ ಎಂಬ ಮಾತು ನನ್ನ ಕಿವಿಗೆ ಬೀಳುವ ಮೊದಲೇ ವಿಮರ್ಶಕರೊಬ್ಬರನ್ನು ನಾನು ಹೀಗೆ ಕಂಡಿದ್ದೆ.

ಮುಂದೆ ನಾನೂ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾದೆ. ಆಗೊಮ್ಮೆ ಸಾಹಿತ್ಯದ ಸಭೆಯೊಂದರಲ್ಲಿ ದೊಡ್ಡ ವಿದ್ವಾಂಸರೊಬ್ಬರು ಕನ್ನಡ ಕಾದಂಬರಿಯ ನಡೆಯನ್ನು ಕುರಿತು ಮಾತಾಡಿದರು. ಕೊನೆಗೆ ಪ್ರಶ್ನೆ ಕೇಳಬಹುದೆಂದಾಗ ನಾನು ಎದ್ದು, ‘ನಮ್ಮ ಓದುಗರು ಹೊಸ ಪ್ರೇಮ ಕಾದಂಬರಿಗಳಲ್ಲಿ ಒಳ್ಳೆಯದು ಯಾವುದು ಎಂದು ಕೇಳುತ್ತಾರೆ. ತಾವು ಯಾವುದನ್ನು ಹೇಳುತ್ತೀರಿ?’ ಎಂದೆ. ಅವರು ನಕ್ಕರು. ‘ಅವೆಲ್ಲ ಒಂದೇ ಅಲ್ಲವೇನಮ್ಮಾ? ಒಂದು ಓದಿದರೆ ಎಲ್ಲ ಓದಿದ ಹಾಗೆ.’ ಸಭೆಯೂ ನಕ್ಕಿತು. ನಾಚಿಕೆಗೇಡೆಂದರೆ, ನಾನೂ ನಕ್ಕೆ. ಆ ನನ್ನ ನಗು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಎಲ್ಲ ಒಂದೇ ಎನ್ನುವ ಮಾತನ್ನು ಯಾರು ಹೇಳಬಲ್ಲರು ನೋಡಿ. ಸಂಗೀತ ಗೊತ್ತಿಲ್ಲದವನಿಗೆ ಕಲ್ಯಾಣಿಯೂ ಒಂದೇ, ಶಂಕರಾಭರಣವೂ ಒಂದೇ. ಹಾಗೆಂದು ಅವನನ್ನು ಸಂಗೀತದ ಸಭೆಯಲ್ಲಿ ವೇದಿಕೆಗೆ ಹತ್ತಿಸುತ್ತೇವೆಯೇ? ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಅಷ್ಟರಲ್ಲೇ ‘ಶರಪಂಜರ’ ಬರೆದು, ಹೆರಿಗೆಯ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಆ ಮನೆಯೇ ಹೇಗೆ ಮತ್ತೆ ಹುಚ್ಚಿಗೆ ನೂಕುತ್ತದೆಂದು ತೋರಿಸಿದ್ದರು. 1974ರಲ್ಲಿ ಚಿತ್ರವಾದ ವಾಣಿಯವರ ‘ಎರಡು ಕನಸು’ ಹಳೆಯ ಪ್ರೇಮವನ್ನು ಎದೆಯಲ್ಲಿಟ್ಟುಕೊಂಡು ಕೈಹಿಡಿದವಳನ್ನು ನೋಯಿಸುವವನ ಕಥೆ. 1984ರಲ್ಲಿ ತೆರೆಗೆ ಬಂದ ಉಷಾ ನವರತ್ನರಾಂ ಅವರ ‘ಬಂಧನ’ದಲ್ಲಿ ಪ್ರೇಮಿಸಿದವನಿಗೆ ಅವಳು ದಕ್ಕುವುದೇ ಇಲ್ಲ. ಈ ಮೂರೂ ಒಂದೇ ಎನ್ನುವವರು ಮೂರನ್ನೂ ಓದಿಲ್ಲ, ಅಷ್ಟೆ. ಹೆಂಗಸರು ಹೆಂಗಸರಿಗಾಗಿ ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಕರೆದು ಬಾಗಿಲು ಹಾಕಿಕೊಂಡವರಿಗೆ, ಒಳಗೆ ಏನು ಬೇಯುತ್ತಿದೆ ಎಂದು ಹೇಗೆ ಗೊತ್ತಾಗಬೇಕು?

ಹಾಗೆಂದು ಈ ಕಾದಂಬರಿಗಳೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ನಾನೂ ಆ ವಿದ್ವಾಂಸರ ಜೊತೆಗೇ ಸೇರುತ್ತೇನೆ. ಎಲ್ಲವೂ ಕಸ ಎನ್ನುವುದೂ ಎಲ್ಲವೂ ಚೆನ್ನ ಎನ್ನುವುದೂ ಒಂದೇ ಸೋಮಾರಿತನದ ಎರಡು ಮುಖಗಳು. ಈ ಪಾಠವನ್ನು ನನಗೆ ಕಲಿಸಿದವಳು ನನ್ನ ಅಣ್ಣನ ಮಗಳು.

ಮದುವೆಯಾಗಿ ಎರಡು ವರ್ಷಕ್ಕೆ ಅವಳು ತವರಿಗೆ ಬಂದು ಕೂತಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಓದುವ ಹುಡುಗಿ, ಮನಸ್ಸು ಹಗುರಾಗಲಿ ಎಂದು ನನ್ನ ಕಪಾಟಿನಿಂದ ಒಂದು ಹಳೆಯ ಕಾದಂಬರಿ ತೆಗೆದುಕೊಟ್ಟೆ. ಒಂದು ಕಾಲಕ್ಕೆ ಎಲ್ಲರೂ ಮುಗಿಬಿದ್ದು ಓದಿದ್ದು. ನಾನೂ ಇಪ್ಪತ್ತು ವರ್ಷದ ಹಿಂದೆ ಓದಿ ಮೆಚ್ಚಿದ್ದೆ. ಎರಡೇ ದಿನಕ್ಕೆ ವಾಪಸು ತಂದಳು.

‘ಅತ್ತೆ, ಇದನ್ನ ಓದಿ ಕೊಟ್ರಾ?’

‘ಯಾಕೆ ಪುಟ್ಟಾ?’

‘ಅವನು ಹೊಡೀತಾನೆ. ಕೊನೇಲಿ ಇವಳೇ ತಪ್ಪಾಯ್ತು ಅಂತ ವಾಪಸು ಹೋಗ್ತಾಳೆ. ಅದು ಸುಖಾಂತ್ಯವಂತೆ. ಓದ್ತಾ ಓದ್ತಾ ನಾನೂ ಬಟ್ಟೆ ಜೋಡಿಸ್ಕೊಳ್ಳೋಕೆ ಎದ್ದಿದ್ದೆ ಅತ್ತೆ.’

ಅವಳು ಯಾಕೆ ಬಂದಿದ್ದಳೆಂದು ಮನೆಯಲ್ಲಿ ಮೊದಲು ತಿಳಿದದ್ದು ನನಗೆ, ಅದೂ ಹೀಗೆ. ಆ ರಾತ್ರಿ ಪುಸ್ತಕ ಮತ್ತೆ ಓದಿದೆ. ಹೊಡೆತದ ಆ ಪುಟ ನನ್ನ ನೆನಪಿನಲ್ಲೇ ಇರಲಿಲ್ಲ. ಮದುವೆಯ ಮಾತು ಆಡುವ ವಯಸ್ಸಿನಲ್ಲಿ ಅದನ್ನು ನಾನೂ ಪ್ರೇಮವೆಂದೇ ಓದಿಕೊಂಡಿರಬೇಕು. ಮರುದಿನ ಅವಳಿಗೆ ತ್ರಿವೇಣಿಯವರ ‘ಬೆಳ್ಳಿಮೋಡ’ ಕೊಟ್ಟೆ. ಆಸ್ತಿ ಸಿಗುವುದಿಲ್ಲವೆಂದು ಗೊತ್ತಾದೊಡನೆ ಕೈಬಿಟ್ಟವನನ್ನು ಇಂದಿರಾ ಮತ್ತೆ ಒಪ್ಪಿಕೊಳ್ಳುವುದಿಲ್ಲ. ಹುಡುಗಿ ಅದನ್ನು ನನಗೆ ಹಿಂತಿರುಗಿಸಲಿಲ್ಲ. ನಾನೂ ಕೇಳಲಿಲ್ಲ.

ಈಗ ಹೇಳಿ, ಎರಡೂ ಒಂದೇ ಏನು? ಕಾಲಹರಣದ ಪುಸ್ತಕ ಎಂದು ನೀವು ತಳ್ಳಿಹಾಕಿದ್ದು ಒಬ್ಬ ಹೆಣ್ಣುಮಗಳನ್ನು ಬಸ್‌ಸ್ಟ್ಯಾಂಡಿನವರೆಗೂ ನಡೆಸಬಲ್ಲದು. ಯಾವ ಪುಸ್ತಕ ಎತ್ತ ನಡೆಸುತ್ತದೆ ಎಂದು ಹೇಳಬೇಕಾದವರು ತಮ್ಮ ಘನತೆಗೆ ಕುಂದೆಂದು ಬಾಯಿ ಮುಚ್ಚಿಕೊಂಡರು. ಓದುವವರು ಮಾತ್ರ ಓದುವುದನ್ನು ನಿಲ್ಲಿಸಲಿಲ್ಲ. ಕತ್ತಲಲ್ಲಿ ತಡಕಾಡಿ ಓದಿದರು.

ಪ್ರಕಾಶಕರೇನು ಕಡಿಮೆಯೇ? ಮುಖಪುಟದ ಮೇಲೆ ಒಂದು ಸುಂದರ ಮುಖ, ಬೆನ್ನಿಗೆ ಲೇಖಕಿಯ ಇತರ ಪುಸ್ತಕಗಳ ಪಟ್ಟಿ. ಕಥೆ ಏನೆಂದು ಒಂದು ಸಾಲಿಲ್ಲ. ಮೂವತ್ತು ವರ್ಷದ ಹಿಂದಿನದನ್ನು ಹೊಸ ಹೊದಿಕೆಯಲ್ಲಿ ಅಚ್ಚುಹಾಕುತ್ತಾರೆ. ಮೊದಲ ಮುದ್ರಣ ಯಾವ ವರ್ಷದ್ದೆಂದು ಎಷ್ಟೋ ಸಲ ಕಾಣಿಸುವುದೇ ಇಲ್ಲ. ಈ ಕಾಲದ ಹುಡುಗಿಯ ಕಥೆಯೆಂದು ಕೊಂಡವಳಿಗೆ ನಾಲ್ಕನೇ ಪುಟದಲ್ಲಿ ಟ್ರಂಕ್ ಕಾಲ್ ಎದುರಾಗುತ್ತದೆ.

ಈಗ ಕಾದಂಬರಿ ಫೋನಿಗೆ ಬಂದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಲ್ಲಿ ಕನ್ನಡದ ಹೆಣ್ಣುಮಕ್ಕಳು ಕಂತು ಕಂತಾಗಿ ಪ್ರೇಮಕಥೆ ಬರೆಯುತ್ತಿದ್ದಾರೆ, ಓದುತ್ತಿದ್ದಾರೆ. ನನಗೆ ಇದು ಸಂತೋಷದ ವಿಷಯವೇ. ಆದರೆ ಎಷ್ಟು ಜನ ಓದಿದರೆಂಬ ಲೆಕ್ಕ ಅಲ್ಲಿ ಸಿಗುತ್ತದೆಯೇ ಹೊರತು ಸ್ಟೂಲು ಹತ್ತಿ ‘ಇದು ನಿಮಗಲ್ಲ, ಅದು ತಗೊಳ್ಳಿ’ ಎನ್ನುವವರು ಸಿಗುವುದಿಲ್ಲ. ಸಂತೆಯಲ್ಲಿ ಹೆಚ್ಚು ಜನ ಮುತ್ತಿದ ಅಂಗಡಿಯ ಬದನೆಕಾಯಿಯೇ ಎಳೆಯದೆಂದು ಯಾವ ಗೃಹಿಣಿ ನಂಬುತ್ತಾಳೆ? ಮುರಿದು ನೋಡುತ್ತಾಳೆ.

ನಾನೀಗ ನಿವೃತ್ತಳು. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಓದಿದ ಪ್ರೇಮ ಕಾದಂಬರಿಗೆಲ್ಲ ಅರ್ಧ ಪುಟ: ಮೊದಲು ಬಂದ ವರ್ಷ, ಅವಳು ಕೆಲಸಕ್ಕೆ ಹೋಗುತ್ತಾಳೋ ಇಲ್ಲವೋ, ಅವನು ಕೈಯೆತ್ತುತ್ತಾನೋ, ಎತ್ತಿದರೆ ಕಥೆ ಅದನ್ನು ತಪ್ಪೆನ್ನುತ್ತದೋ, ಕೊನೆಯಲ್ಲಿ ಯಾರು ಯಾರನ್ನು ಕ್ಷಮಿಸುತ್ತಾರೆ. ಮನೆಗೆ ಬಂದವರು ಕೇಳಿದರೆ ತೆಗೆದು ಓದಿ ಹೇಳುತ್ತೇನೆ. ಶೈಲಿ, ತಂತ್ರ ಇತ್ಯಾದಿ ಇಲ್ಲದ ಇಂಥ ಬರಹವನ್ನು ವಿಮರ್ಶೆ ಎನ್ನಲಾಗದು ಎಂದು ಸ್ನೇಹಿತರೊಬ್ಬರು ಹೇಳಿದರು. ಆಗದಿದ್ದರೆ ಬೇಡ.

ಅಮ್ಮನ ಚೀಟಿಗಳಲ್ಲಿ ಒಂದು ಆ ನೋಟ್‌ಬುಕ್ಕಿನೊಳಗೆ ಉಳಿದಿದೆ. ಸಾವು ಬೇಡ, ಕಾಟ ಬೇಡ ಎಂದು ಆಕೆ ಬರೆದದ್ದು ಕಾದಂಬರಿಯ ವಿಷಯ ಮಾತ್ರವಲ್ಲವೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅಂಗಡಿಯವರಿಗೆ ಅದು ಆಗಲೇ ಗೊತ್ತಿತ್ತೆಂದು ಕಾಣುತ್ತದೆ. ಅದಕ್ಕೇ ಅವರು ಅಷ್ಟು ಹೊತ್ತು ಸೂರು ನೋಡುತ್ತಿದ್ದರು.