ಚಿತ್ರ ಬರೆಯುವ ಕೈಗೆ ಗೋಡೆ ಕೊಡುವವರಾರು?



ನಮ್ಮ ಸಮಾಜದಲ್ಲಿ ಒಂದು ವಿಚಿತ್ರವಾದ ನ್ಯಾಯವು ಬಳಕೆಯಲ್ಲಿದೆ. ಹಾಡಬಲ್ಲ ಮಗುವನ್ನು ಸಭೆಯ ಮುಂದೆ ನಿಲ್ಲಿಸಿ ಹಾಡಿಸುತ್ತೇವೆ. ಮಾತು ಬಲ್ಲ ಹುಡುಗನಿಗೆ ವೇದಿಕೆಯನ್ನು ಒದಗಿಸಿ ಚಪ್ಪಾಳೆ ತಟ್ಟುತ್ತೇವೆ. ಅವರು ಜನರೆದುರು ಬಂದುದನ್ನು ಯಾರೂ ಅಹಂಕಾರವೆಂದು ಜರಿಯುವುದಿಲ್ಲ. ಆದರೆ ಚಿತ್ರ ಬರೆಯುವ ತರುಣನೊಬ್ಬನು ತನ್ನ ಹತ್ತು ಕೃತಿಗಳನ್ನು ಗೋಡೆಗೆ ತೂಗುಹಾಕಿ ‘ದಯಮಾಡಿ ಬಂದು ನೋಡಿರಿ’ ಎಂದು ಕೈಮುಗಿದರೆ ಸಾಕು, ‘ಇವನಿಗೇಕೆ ಈ ಹೆಸರಿನ ಹುಚ್ಚು? ಮನೆಯಲ್ಲಿ ಕುಳಿತು ಬರೆದುಕೊಂಡಿರಬಾರದೆ?’ ಎಂಬ ಮಾತು ಕೇಳಿಬರುತ್ತದೆ. ಈ ಮಾತನ್ನು ಆಡುವವರು ದುರ್ಜನರಲ್ಲ. ನಮ್ಮ ನಿಮ್ಮಂತಹ ಸದ್ಗೃಹಸ್ಥರೇ. ಆದುದರಿಂದಲೇ ಅದನ್ನು ಖಂಡಿಸುವುದು ಅವಶ್ಯವಾಗಿದೆ.

ಉದಯೋನ್ಮುಖ ಚಿತ್ರಕಾರನನ್ನು ಬರೆಯುವಂತೆ ಪ್ರೇರೇಪಿಸುವುದು ಯಾವುದು? ಹಣವೆಂದು ಹೇಳುವವರು ಲೆಕ್ಕವನ್ನು ಅರಿಯರು. ಕ್ಯಾನ್ವಾಸು, ಬಣ್ಣ, ಚೌಕಟ್ಟು, ಪ್ರದರ್ಶನಾಲಯದ ಬಾಡಿಗೆ, ಆಮಂತ್ರಣ ಪತ್ರಿಕೆ, ಸಾಗಣೆ — ಇಷ್ಟೂ ವೆಚ್ಚವನ್ನು ತಾನೇ ಹೊತ್ತು, ಒಂದು ಚಿತ್ರವೂ ಮಾರಾಟವಾಗದೆ ಹಿಂದಿರುಗುವ ಸಂಭವವನ್ನು ತಿಳಿದೂ ತಿಳಿದೂ ಅವನು ಮುಂದೆ ಬರುತ್ತಾನೆ. ಹಣವೇ ಗುರಿಯಾಗಿದ್ದರೆ ಅದಕ್ಕೆ ಸುಲಭವಾದ ಹಾದಿಗಳು ಬೇಕಾದಷ್ಟಿವೆ. ಕೀರ್ತಿಯೆಂದು ಹೇಳುವವರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ. ನಿಜವಾದ ಪ್ರೇರಣೆ ಕಂಡ ಕಣ್ಣಿನಲ್ಲಿದೆ. ಸುಗ್ಗಿಯ ಕಣದಲ್ಲಿ ತೂರುವಾಗ ಹಾರುವ ಹೊಟ್ಟಿನ ಹೊನ್ನು, ಕುಂಬಾರನ ತಿಗರಿಯ ಮೇಲೆ ಏಳುವ ಮಣ್ಣಿನ ಆಕಾರ, ಬಡ ತಾಯಿಯ ಮುಖದ ಸುಕ್ಕು — ಇವುಗಳನ್ನು ನಾವೆಲ್ಲರೂ ಕಂಡು ಮರೆಯುತ್ತೇವೆ, ಅವನು ಮರೆಯಲಾರ. ಕಂಡದ್ದು ಒಳಗೆ ನಿಂತು ಕಾಡುತ್ತದೆ. ಅದನ್ನು ಹೊರಗೆ ತಂದು ಇನ್ನೊಬ್ಬರಿಗೆ ತೋರಿಸಿದಾಗಲೇ ಆ ಕಾಟಕ್ಕೆ ಮುಕ್ತಿ.

ತೋರಿಸುವುದು ಬರೆಯುವುದರ ಮುಂದುವರಿಕೆಯೇ ಹೊರತು ಅದಕ್ಕೆ ಅಂಟಿಸಿದ ಆಡಂಬರವಲ್ಲ. ಗೋಡೆಗೆ ಮುಖಮಾಡಿ ಒರಗಿಸಿಟ್ಟ ಚಿತ್ರವು ಬೆಳಗದ ದೀಪ. ಅಪರಿಚಿತನೊಬ್ಬನು ತನ್ನ ಕೃತಿಯ ಮುಂದೆ ಎಲ್ಲಿ ನಿಂತನು, ಯಾವುದನ್ನು ನೋಡದೆ ಸರಿದುಹೋದನು ಎಂಬುದನ್ನು ಮೂಲೆಯಲ್ಲಿ ನಿಂತು ಗಮನಿಸುವ ಕಲಾವಿದನು ಅಲ್ಲಿ ಕಲಿಯುವ ಪಾಠವನ್ನು ಯಾವ ಗುರುವೂ ಕಲಿಸಲಾರನು. ‘ಕೈಯಲ್ಲಿ ಮೊಬೈಲು ಇರುವಾಗ ಪ್ರದರ್ಶನವೇಕೆ?’ ಎಂದು ಕೇಳುವವರೂ ಈಗ ಹುಟ್ಟಿಕೊಂಡಿದ್ದಾರೆ. ಆರಡಿಯ ಚಿತ್ರವನ್ನು ಅಂಗೈಯಗಲದ ಗಾಜಿನಲ್ಲಿ ಬೆರಳಿನಿಂದ ಸರಿಸಿದವನಿಗೆ ಬಣ್ಣದ ದಪ್ಪವಾಗಲಿ ಕುಂಚದ ನಡೆಯಾಗಲಿ ಕಂಡೀತೆ? ಊಟದ ಚಿತ್ರವನ್ನು ನೋಡಿ ಹೊಟ್ಟೆ ತುಂಬಿತೆಂದಂತಾಯಿತು.

ಮುಂಬಯಿಯ ಕೆ. ಎಚ್. ಆರಾ (1914–1985) ಎಂಬ ಚಿತ್ರಕಾರನ ಜೀವನವನ್ನು ಇಲ್ಲಿ ನೆನೆಯಬೇಕು. ಸಿಕಂದರಾಬಾದಿನ ಬಡ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮುಂಬಯಿಗೆ ಓಡಿಹೋಗಿ, ಕಾರುಗಳನ್ನು ತೊಳೆದು, ಪರರ ಮನೆಯಲ್ಲಿ ಆಳಾಗಿ ದುಡಿದವನು ಅವನು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನೂ ಕಂಡವನು. ಅಂತಹವನು ಬರೆದ ಚಿತ್ರಗಳು ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್‌ನ ಕಣ್ಣಿಗೆ ಬಿದ್ದವು. ಪ್ರೋತ್ಸಾಹದ ನುಡಿ ದೊರೆಯಿತು. 1942ರಲ್ಲಿ ಅವನ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು ಅರಮನೆಯಲ್ಲಿ ಅಲ್ಲ, ಚೇತನಾ ಎಂಬ ಉಪಾಹಾರ ಮಂದಿರದಲ್ಲಿ! 1947ರಲ್ಲಿ ಸೋಜಾ, ರಜಾ, ಹುಸೇನ್ ಮೊದಲಾದವರೊಡನೆ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದವರಲ್ಲಿ ಆರಾ ಒಬ್ಬನು. ಆ ಹುಸೇನರಾದರೂ ಸಿನಿಮಾ ಫಲಕಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆದವರು. ಒಂದು ನುಡಿ ಮತ್ತು ಒಂದು ಗೋಡೆ — ಆರಾನಿಗೆ ಮೊದಲು ದೊರೆತದ್ದು ಇಷ್ಟೇ. ಈ ಎರಡನ್ನೂ ಕೊಡಲಾರದಷ್ಟು ದರಿದ್ರರೇ ನಾವು?

‘ಕಷ್ಟವಿದ್ದರೇ ಕಲೆ ಅರಳುವುದು, ಹಸಿದವನೇ ಹಿರಿಯ ಕಲಾವಿದನಾಗುವನು’ ಎಂಬುದು ಹೊಟ್ಟೆ ತುಂಬಿದವರ ಇನ್ನೊಂದು ವಾದ. ಸಾಕ್ಷಿಗೆ ಡಚ್ ಕಲಾವಿದ ವ್ಯಾನ್ ಗೋನ (1853–1890) ಹೆಸರನ್ನು ಎಳೆದು ತರುತ್ತಾರೆ. ಅವನ ಚರಿತ್ರೆಯನ್ನು ಸರಿಯಾಗಿ ಓದಿದವರು ಈ ಮಾತನ್ನು ಆಡಲಾರರು. ಸುಮಾರು ಹತ್ತು ವರ್ಷಗಳ ಅವನ ಕಲಾಜೀವನದುದ್ದಕ್ಕೂ ತಮ್ಮನಾದ ಥಿಯೋ ತನ್ನ ಸಂಪಾದನೆಯಿಂದ ಹಣವನ್ನೂ ಬಣ್ಣ ಕ್ಯಾನ್ವಾಸುಗಳನ್ನೂ ಕಳುಹಿಸುತ್ತಲೇ ಇದ್ದನು. ಅವನೂ ಸಹ ನೋಡುವವರಿಗಾಗಿ ಹಂಬಲಿಸಿದವನೇ. 1887ರ ಕೊನೆಯಲ್ಲಿ ಪ್ಯಾರಿಸ್ಸಿನ ಉಪಾಹಾರ ಗೃಹವೊಂದರ ಗೋಡೆಗಳ ಮೇಲೆ ತನ್ನ ಮತ್ತು ಗೆಳೆಯರ ಚಿತ್ರಗಳನ್ನು ತಾನೇ ತೂಗುಹಾಕಿದನು. ಅಲ್ಲಿ ಕಲೆಯನ್ನು ಉಳಿಸಿದ್ದು ಹಸಿವಲ್ಲ, ತಮ್ಮನ ಅಂತಃಕರಣ. ಹಸಿವಿನಿಂದಲೇ ಕಲೆ ಹುಟ್ಟುವುದಾದರೆ ನಮ್ಮ ನಾಡಿನ ಹಳ್ಳಿ ಹಳ್ಳಿಯಲ್ಲಿಯೂ ಚಿತ್ರಶಾಲೆ ಇರಬೇಕಾಗಿತ್ತು!

ದೂರದ ಉದಾಹರಣೆಗಳೇಕೆ? ಧಾರವಾಡದಲ್ಲಿ ಡಿ. ವ್ಹಿ. ಹಾಲಭಾವಿಯವರು, ಗದುಗಿನಲ್ಲಿ ಟಿ. ಪಿ. ಅಕ್ಕಿಯವರು, ಬೆಂಗಳೂರಿನಲ್ಲಿ ಆರ್. ಎಂ. ಹಡಪದರು ಚಿತ್ರಕಲೆಯ ಶಾಲೆಗಳನ್ನು ಕಟ್ಟಿದರು. ಹಳ್ಳಿಗಾಡಿನಿಂದ ಬಂದ ಎಷ್ಟೋ ಹುಡುಗರ ಕೈಯಲ್ಲಿ ಕುಂಚವನ್ನಿತ್ತು, ಕೈಹಿಡಿದು ನಡೆಸಿದ ಪುಣ್ಯಜೀವಿಗಳು ಅವರು. ಕಲಬುರ್ಗಿಯ ಎಸ್. ಎಂ. ಪಂಡಿತರು (1916–1993) ಬರೆದ ಪುರಾಣದ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಅಸಂಖ್ಯ ಮನೆಗಳನ್ನು ಸೇರಿದವು. ಆ ಚಿತ್ರಗಳಿಗೆ ಊದಿನಕಡ್ಡಿ ಹಚ್ಚಿದವರಲ್ಲಿ ಬರೆದವರ ಹೆಸರನ್ನು ಕೇಳಿದವರು ಎಷ್ಟು ಮಂದಿ? ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಜಾಡ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಗೋಡೆಯೆಂಬುದು ಕಲಾವಿದನಿಗೆ ಎಷ್ಟು ದೊಡ್ಡ ವಸ್ತು ಎಂಬುದನ್ನು ಬೆಂಗಳೂರಿನ ಒಂದು ಪ್ರಸಂಗವು ತೋರಿಸಿಕೊಟ್ಟಿದೆ. ಕೆ. ವೆಂಕಟಪ್ಪನವರ (1886–1965) ಹೆಸರಿನ ಸರ್ಕಾರಿ ಚಿತ್ರಶಾಲೆಯು ತರುಣರಿಗೆ ಕಡಿಮೆ ಬಾಡಿಗೆಯಲ್ಲಿ ದೊರೆಯುತ್ತಿದ್ದ ತಾಣ. ಅದನ್ನು ಖಾಸಗಿ ಪ್ರತಿಷ್ಠಾನವೊಂದರ ಸಹಭಾಗಿತ್ವಕ್ಕೆ ಒಪ್ಪಿಸುವ ಏರ್ಪಾಡಾದಾಗ, 2016ರಲ್ಲಿ ಕಲಾವಿದರು ಒಟ್ಟಾಗಿ ಬೀದಿಗಿಳಿದು ಪ್ರತಿಭಟಿಸಿದರು. ಅವರು ಕೇಳಿದ್ದು ಪ್ರಶಸ್ತಿಯನ್ನಲ್ಲ, ಸನ್ಮಾನವನ್ನಲ್ಲ. ತಮ್ಮ ಗೋಡೆಗಳು ತಮಗೆ ಉಳಿಯಲಿ ಎಂದು ಮಾತ್ರ. ಇನ್ನೊಂದು ಕಡೆ, 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಯನ್ನು ನಡೆಸುತ್ತ ಬಂದಿದೆ. ಸಾವಿರಕ್ಕೂ ಮಿಕ್ಕಿದ ಕಲಾವಿದರು ಬೀದಿಬದಿಯಲ್ಲಿ ತಮ್ಮ ಕೃತಿಗಳ ಪಕ್ಕದಲ್ಲಿ ಕುಳಿತಿರುತ್ತಾರೆ, ಜನಸಾಗರವೇ ಹರಿದುಬರುತ್ತದೆ. ‘ಜನರಿಗೆ ಚಿತ್ರ ಬೇಕಿಲ್ಲ’ ಎಂಬ ನೆಪವು ಅಲ್ಲಿಗೆ ಮುರಿದುಬಿತ್ತು. ಜನರಿಗೆ ಬೇಕು, ತೋರಿಸುವ ಏರ್ಪಾಡು ನಮ್ಮ ಊರುಗಳಲ್ಲಿ ಇಲ್ಲ.

ಸಂತೆ ವರ್ಷಕ್ಕೆ ಒಂದು ದಿನ, ಅದೂ ರಾಜಧಾನಿಯಲ್ಲಿ. ಉಳಿದ ದಿನಗಳಲ್ಲಿ, ಉಳಿದ ಊರುಗಳಲ್ಲಿ ಏನು ನಡೆಯುತ್ತಿದೆ? ಮಗಳು ಚಿತ್ರಕಲಾ ಶಾಲೆಗೆ ಸೇರುತ್ತೇನೆಂದರೆ ‘ಬಣ್ಣ ಅನ್ನ ಹಾಕೀತೆ?’ ಎಂದು ಗದರಿಸುತ್ತೇವೆ. ಲಕ್ಷಾಂತರ ರೂಪಾಯಿಯ ಮನೆ ಕಟ್ಟಿಸಿ, ನಡುಮನೆಯ ಗೋಡೆಗೆ ಅಂಗಡಿಯ ಅಚ್ಚಿನ ಹಾಳೆಯನ್ನು ತಗುಲಿಸುತ್ತೇವೆ. ಉತ್ಸವ ಬಂದಾಗ ಊರಿನ ಚಿತ್ರಕಾರನನ್ನು ಕರೆಸಿ, ದ್ವಾರದ ಅಲಂಕಾರವನ್ನು ಪುಕ್ಕಟೆಯಾಗಿ ಮಾಡಿಸಿಕೊಂಡು, ‘ಸೇವೆ ಮಾಡಿದೆಯಪ್ಪಾ’ ಎಂದು ಶಾಲು ಹೊದಿಸಿ ಕಳುಹಿಸುತ್ತೇವೆ. ಶಾಮಿಯಾನದವನಿಗೆ ಹಣ, ಧ್ವನಿವರ್ಧಕದವನಿಗೆ ಹಣ. ಚಿತ್ರಕಾರನಿಗೆ ಮಾತ್ರ ಶಾಲು! ಇನ್ನು ಪ್ರದರ್ಶನಗಳ ಉದ್ಘಾಟಕರ ಪರಿಯಂತೂ ಹೇಳತೀರದು. ಟೇಪು ಕತ್ತರಿಸಿ, ಭಾವಚಿತ್ರ ತೆಗೆಸಿಕೊಂಡು, ಒಂದು ಕೃತಿಯ ಮುಂದೆಯೂ ನಿಲ್ಲದೆ ಕಾರು ಹತ್ತುವವರೇ ಹೆಚ್ಚು. ಇಷ್ಟೆಲ್ಲ ಮಾಡಿ, ‘ಈಗಿನ ಹುಡುಗರಲ್ಲಿ ಹಿಂದಿನವರ ಸಾಧನೆ ಇಲ್ಲ’ ಎಂದು ನಿಟ್ಟುಸಿರು ಬಿಡುವುದು ಯಾವ ನ್ಯಾಯ?

ಕಲಾವಿದರಿಗೂ ಹೇಳಬೇಕಾದ ಮಾತೊಂದಿದೆ. ನೋಡುಗನಿಗೆ ತಿಳಿಯದಂತೆ ಬರೆದು, ಅದಕ್ಕೊಂದು ಕಠಿಣವಾದ ವ್ಯಾಖ್ಯಾನವನ್ನು ಅಂಟಿಸಿ, ಕೇಳಿದವನನ್ನು ಹಳ್ಳಿಯ ಗಮಾರನೆಂದು ಕಾಣುವುದು ತಕ್ಕುದಲ್ಲ. ಜನರನ್ನು ಕರೆದ ಮೇಲೆ ಅವರ ಪ್ರಶ್ನೆಗೆ ಉತ್ತರಿಸುವುದೂ ಆತಿಥ್ಯದ ಒಂದು ಭಾಗ. ಆದರೆ ಈ ದೋಷವು ನಮ್ಮ ದೋಷಕ್ಕೆ ಮರೆಯಾಗಕೂಡದು.

ಆದುದರಿಂದ, ಭಕ್ತ ಮಹನೀಯರೇ, ಇಲ್ಲಿಯೇ ಓದಿ ಬೆಳೆದು ನಾಡಿನ ನಾನಾ ಕಡೆ ನೆಲೆ ನಿಂತಿರುವ ಹಳೆಯ ವಿದ್ಯಾರ್ಥಿ ಬಂಧುಗಳೇ, ಭಾರಿ ಯೋಜನೆಯನ್ನು ನಿಮ್ಮ ಮುಂದೆ ಇಡುತ್ತಿಲ್ಲ. ಜಾತ್ರೆಯ ದಿನಗಳಲ್ಲಿ ದಾಸೋಹದ ಸಾಲು ಸಾಗುವ ಗೋಡೆಯೊಂದನ್ನು ನಿಮ್ಮ ಊರಿನ ತರುಣ ಚಿತ್ರಕಾರರಿಗೆ ಬಿಟ್ಟುಕೊಡಿರಿ. ನಗರದ ಯಾವ ಕಲಾಮಂದಿರವೂ ಕಾಣದಷ್ಟು ಕಣ್ಣುಗಳು ಅಲ್ಲಿ ಹಾಯುತ್ತವೆ. ಶಾಲೆಯ ಆಡಳಿತದಲ್ಲಿರುವವರು ವರ್ಷಕ್ಕೊಮ್ಮೆ ಒಂದು ಕೊಠಡಿಯನ್ನು ತೆರೆಯಿರಿ. ಗೃಹಪ್ರವೇಶ ಮಾಡುವವರು ಬದುಕಿರುವ ಕಲಾವಿದನೊಬ್ಬನ ಒಂದು ಮೂಲಕೃತಿಯನ್ನು ಬೆಲೆಕೊಟ್ಟು ಕೊಳ್ಳಿರಿ. ಉದ್ಘಾಟನೆಗೆ ಒಪ್ಪಿದವರು ಅರ್ಧ ಗಂಟೆ ನಿಂತು ನೋಡಿರಿ. ಮಾಡಿಸಿಕೊಂಡ ಕೆಲಸಕ್ಕೆ ಕೂಲಿಯನ್ನು ಕೊಡಿರಿ. ಕೊಟ್ಟ ಮೇಲೆ ಬೇಕಾದರೆ ಶಾಲು ಹೊದಿಸಿರಿ.

ಪ್ರೇರಣೆಯನ್ನು ನಾವು ಕೊಡಬೇಕಾಗಿಲ್ಲ. ಅದು ಅವರ ಕಣ್ಣಿನಲ್ಲಿಯೇ ಇದೆ. ನಾವು ಕೊಡಬೇಕಾದುದು ಒಂದು ಗೋಡೆ, ಒಂದು ಒಳ್ಳೆಯ ನುಡಿ, ನ್ಯಾಯವಾದ ಬೆಲೆ. ಇವನ್ನೂ ಕೊಡಲಾರೆವಾದರೆ, ಕನಿಷ್ಠಪಕ್ಷ ಹೆಸರಿನ ಹುಚ್ಚೆಂಬ ಮಾತನ್ನಾದರೂ ಇಂದಿಗೇ ನಿಲ್ಲಿಸೋಣ.