ಪರ್ಮಿಟ್ಟಿಗೆ ತಾಯಿಯ ಸರ ಒತ್ತೆಯೇ?



ಎಲೆ ಕೊಯ್ದು ಓದಿಸಿದ ಮಗ ವೆಲ್ಡರನಾದ. ಅರಬ್ ನಾಡಿನ 'ಪರ್ಮಿಟ್ ಖರ್ಚಿ'ಗೆಂದು ಏಜೆಂಟನು ಲಕ್ಷಗಟ್ಟಲೆ ಕೇಳುತ್ತಾನೆ. ಇದು ಸುಲಿಗೆ ಎಂದು ನಾವು ಸಾರಿ ಹೇಳುತ್ತೇವೆ. ಸೌದಿ ಕಾರ್ಮಿಕ ಕಾನೂನಿನ 40ನೇ ಕಲಮಿನಂತೆ ಪರ್ಮಿಟ್ ಶುಲ್ಕ ಧಣಿಯದೇ. ಯುಎಇಯ 2021ರ ಕಾನೂನೂ ನೇಮಕದ ಖರ್ಚನ್ನು ಕಾರ್ಮಿಕನ ಮೇಲೆ ಹೊರಿಸಬಾರದೆನ್ನುತ್ತದೆ. ನಮ್ಮ 1983ರ ವಲಸೆ ಕಾಯಿದೆಯಂತೆ ಏಜೆಂಟನಿಗೆ ನೋಂದಣಿ ಕಡ್ಡಾಯ. ಅವನ ಸೇವಾ ಶುಲ್ಕಕ್ಕೆ, ತೆರಿಗೆ ಬಿಟ್ಟು, 30,000 ರೂಪಾಯಿಯ ಮಿತಿಯಿದೆ.

ಬಡವನ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದೆಂದು ಮೋಶೆಯ ಧರ್ಮಶಾಸ್ತ್ರವೇ ತಡೆಯಿತು. ತಾಯಿಯ ಕತ್ತಿನ ಸರ ಅದಕ್ಕಿಂತ ಅಗ್ಗವೇ? ಕೆಲಸ ಬಲ್ಲ ಕೈ ಬೇಕಾದವನು ಧಣಿ. ಸುಂಕ ನಾವೇಕೆ ಕಟ್ಟಬೇಕು?

ಮೊದಲು ನೋಂದಣಿ ಸಂಖ್ಯೆ, ಕರಾರು ಪತ್ರ ಕೇಳಿರಿ. 'ವಿಸಿಟ್ ವೀಸಾದಲ್ಲಿ ಹೋಗು, ಪರ್ಮಿಟ್ ಆಮೇಲೆ' ಎನ್ನುವವನಿಗೆ ಲೈನು ಮನೆಯ ಬಾಗಿಲು ತೆರೆಯಬೇಡಿರಿ.