ಯಾವ ಗರಡಿಯವನು?

ಕುಂಗ್ ಫೂ ಚಿತ್ರಗಳನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಹೊರಟರೆ ಗುರುಗಳು ಹುಬ್ಬು ಗಂಟಿಕ್ಕಬಹುದು, ಮಿತ್ರರು ನಗಬಹುದು. ಆದರೂ ಬರೆಯುತ್ತಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಿಂದ ಬಸ್ಸು ಹತ್ತಿ ಬರುವ ನಮ್ಮಲ್ಲಿ ಇಂಥ ಚಿತ್ರಗಳನ್ನು ಮೆಚ್ಚುವವರು ಕಡಮೆಯೇನಿಲ್ಲ. ಆದರೆ ಪ್ರತಿಯೊಬ್ಬನೂ ತನ್ನ ಮೊಬೈಲಿನಲ್ಲಿ ಒಬ್ಬನೇ ನೋಡುತ್ತಾನೆ, ಒಬ್ಬನೇ ಮೆಚ್ಚುತ್ತಾನೆ, ಒಬ್ಬನೇ ಮರೆಯುತ್ತಾನೆ. ರಸಿಕರಿದ್ದಾರೆ, ರಸಿಕರ ಬಳಗವಿಲ್ಲ. ಅಂಥದೊಂದು ಬಳಗ ನಮ್ಮ ಕಾಲೇಜಿನಲ್ಲಿ ಏರ್ಪಡಬೇಕೆಂಬುದೇ ನನ್ನ ಬಿನ್ನಹ.

ನಮ್ಮ ಕಡೆಯ ಕುಸ್ತಿ ನೋಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಪೈಲ್ವಾನನು ಅಖಾಡಕ್ಕೆ ಇಳಿದೊಡನೆ ಹಿರಿಯರು ಕೇಳುವ ಪ್ರಶ್ನೆ, "ಯಾವ ಗರಡಿಯವನಪ್ಪ? ಉಸ್ತಾದರು ಯಾರು?" ಎಂದು. ದಸರೆಯಲ್ಲಿ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಮೊದಲ ರಕ್ತದ ಹನಿ ಕಂಡೊಡನೆ ಮುಗಿದುಹೋಗುತ್ತದೆ. ಕ್ಷಣಮಾತ್ರದ ಆ ಕಾಳಗದಲ್ಲಿಯೂ ಜಟ್ಟಿ ಮೈಸೂರಿನವನೋ, ಚನ್ನಪಟ್ಟಣದವನೋ, ಚಾಮರಾಜನಗರದವನೋ ಎಂದು ಜನ ವಿಚಾರಿಸುತ್ತಾರೆ. ಆದರೆ ತೆರೆಯ ಮೇಲೆ ಕಾದುವವನನ್ನು ಕುರಿತು ನಾವು ಈ ಪ್ರಶ್ನೆಯನ್ನು ಎಂದಾದರೂ ಕೇಳಿದ್ದೇವೆಯೆ?

ಕೇಳಿದರೆ ಉತ್ತರವುಂಟು. ಬ್ರೂಸ್ ಲೀ ವಿಂಗ್ ಚುನ್ ಪದ್ಧತಿಯನ್ನು ಕಲಿತದ್ದು ಹಾಂಗ್ ಕಾಂಗಿನಲ್ಲಿ ಇಪ್ ಮಾನ್ ಎಂಬ ಗುರುವಿನಲ್ಲಿ. ಜಾಕಿ ಚಾನ್ ಬಾಲ್ಯದಲ್ಲಿ ಯು ಜಿಮ್-ಯುಯೆನ್ ಎಂಬವರ ನಾಟಕ ಶಾಲೆಯಲ್ಲಿ ವರ್ಷಗಟ್ಟಲೆ ಪಳಗಿದವರು. 1978ರಲ್ಲಿ 'ಶಾವೊಲಿನ್‌ನ 36ನೆಯ ಕೋಣೆ' ಎಂಬ ಚಿತ್ರವನ್ನು ನಿರ್ದೇಶಿಸಿದ ಲಾವ್ ಕಾರ್-ಲ್ಯೂಂಗ್ ತಮ್ಮ ತಂದೆಯಿಂದ ವಿದ್ಯೆ ಕಲಿತರು. ಆ ತಂದೆಯ ಗುರು ಲಾಮ್ ಸೈ-ವಿಂಗ್. ಅವರ ಗುರು ಚೀನದ ಪ್ರಸಿದ್ಧ ಮಲ್ಲ ವಾಂಗ್ ಫೀ-ಹಂಗ್. ಇದು ಗುರುಪರಂಪರೆಯಲ್ಲದೆ ಮತ್ತೇನು? ಈ ವಂಶಾವಳಿಯನ್ನು ಅರಿತು ನೋಡುವವನಿಗೆ ಒಂದೊಂದು ಪಟ್ಟಿನಲ್ಲೂ ಅರ್ಥ ಕಾಣುತ್ತದೆ. ಅರಿಯದವನಿಗೆ ಕಾಣುವುದು ಬರಿಯ ಹೊಡೆದಾಟ.

"ಇಂಥ ಚಿತ್ರಗಳು ಹುಡುಗರನ್ನು ಜಗಳಗಂಟರನ್ನಾಗಿ ಮಾಡುತ್ತವೆ" ಎಂಬ ಆಕ್ಷೇಪಣೆಯುಂಟು. ಕೆಲವು ಚಿತ್ರಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಮೇಲೆ ಹೇಳಿದ ಚಿತ್ರವನ್ನೇ ನೋಡಿ. ನಾಯಕನು ತೋಳುಗಳಿಗೆ ಅಲಗು ಕಟ್ಟಿಸಿಕೊಂಡು, ಕೈ ಚಾಚಿ ನೀರಿನ ಕೊಡಗಳನ್ನು ಹೊರುತ್ತಾನೆ. ತೋಳು ಇಳಿದರೆ ಅಲಗು ಪಕ್ಕೆಗೇ ನಾಟುತ್ತದೆ. ಚಿತ್ರದ ಬಹುಭಾಗ ಇಂಥ ಸಾಧನೆಯೇ. 35 ಕೋಣೆಗಳ ವಿದ್ಯೆ ಮುಗಿಸಿದ ಮೇಲೆ ಅವನು ಬಯಸುವುದು, ಜನಸಾಮಾನ್ಯರಿಗೂ ಕಲಿಸುವ 36ನೆಯ ಕೋಣೆಯನ್ನು. ಮಠದ ಗೋಡೆಯೊಳಗಿನ ವಿದ್ಯೆ ಬೀದಿಯವರಿಗೂ ದಕ್ಕಲಿ ಎಂಬ ಮಾತಿನಲ್ಲಿ ಜಗಳಗಂಟತನ ಎಲ್ಲಿದೆ?

ಪರದೇಶದ ಮಾತು ಹಾಗಿರಲಿ. ನಮ್ಮ ಕನ್ನಡದಲ್ಲಿ ಏನಾಗಿದೆ? 1978ರಲ್ಲಿ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಎಂಬ ಕಾದಾಳುಗಳ ಚಿತ್ರವನ್ನು ತೆಗೆದರು. ಅದರ ಮೂಲಕ ಶಂಕರ್ ನಾಗ್ ಬೆಳಕಿಗೆ ಬಂದರು. ಸಾಹಸ ಸಂಯೋಜನೆಗಾಗಿ 2018ನೆಯ ಸಾಲಿನ ರಾಷ್ಟ್ರಪ್ರಶಸ್ತಿ 'ಕೆ.ಜಿ.ಎಫ್.' ಚಿತ್ರಕ್ಕೆ ಸಂದಿತು. ಇವು ಸಂತೋಷದ ಸುದ್ದಿಗಳು. ಆದರೆ 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಅನಿಲ್, ಉದಯ್ ಎಂಬ ಇಬ್ಬರು ನಟರು ಮತ್ತೆ ಮೇಲೆ ಬರಲಿಲ್ಲ. ಆ ಹೆಸರುಗಳು ಇಂದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿವೆ? ನಾಯಕನ ಹೆಸರಿಗೆ ಶಿಳ್ಳೆ ಹೊಡೆಯುವ ನಾವು, ಅವನೆದುರು ಬೀಳುವವನ ಹೆಸರನ್ನೂ ಕೇಳದಿದ್ದರೆ, ನಮ್ಮ ಅಭಿಮಾನಕ್ಕೆ ಬೆಲೆಯೇನು?

ಸಣ್ಣ ಊರಿನವರಿಂದ ಇದೆಲ್ಲ ಆಗುವುದೇ ಎಂದು ಅಳುಕಬೇಕಾಗಿಲ್ಲ. 1973ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಚಿತ್ರಸಮಾಜವನ್ನು ಕಟ್ಟಿ, ಲೋಕದ ಶ್ರೇಷ್ಠ ಚಿತ್ರಗಳನ್ನು ರೈತಾಪಿ ಜನರ ಮುಂದಿಟ್ಟರು. ಹೆಗ್ಗೋಡಿಗೆ ಸಾಧ್ಯವಾದುದು ಹುಣಸೂರಿಗೆ ಏಕೆ ಅಸಾಧ್ಯ?

ಹೆಚ್ಚು ಹಣವೇನೂ ಬೇಡ. ತಿಂಗಳಿಗೊಮ್ಮೆ ಶನಿವಾರ ಪಾಠ ಮುಗಿದ ಮೇಲೆ ಒಂದು ಕೊಠಡಿ, ಒಂದು ಚಿತ್ರ, ಅನಂತರ ಅರ್ಧ ಗಂಟೆ ಚರ್ಚೆ. ವಾಚನಾಲಯದಲ್ಲಿ ಒಂದು ದಪ್ಪ ದಫ್ತರು. ಅದರಲ್ಲಿ ಪ್ರತಿ ಚಿತ್ರದ ವರ್ಷ, ನಿರ್ದೇಶಕ, ಸಾಹಸ ಸಂಯೋಜಕ, ಕಾದಿದವರು ಯಾವ ಗುರುವಿನ ಶಿಷ್ಯರು ಎಂಬುದನ್ನು ಬರೆದಿಡೋಣ. ಅದೇ ದಫ್ತರಿನ ಹಿಂಬದಿಯಿಂದ ನಮ್ಮ ನಾಲ್ಕು ತಾಲ್ಲೂಕುಗಳ ಗರಡಿಗಳನ್ನೂ, ಉಸ್ತಾದರ ಹೆಸರುಗಳನ್ನೂ, ಅವರಿಗೆ ಗೊತ್ತಿರುವ ಪಟ್ಟುಗಳನ್ನೂ ಬರೆಯುತ್ತ ಬರೋಣ. ರಜೆಯಲ್ಲಿ ಊರಿಗೆ ಹೋದವರು ಒಬ್ಬೊಬ್ಬ ಹಿರಿಯರನ್ನು ಮಾತನಾಡಿಸಿ ಬಂದರೂ ಸಾಕು, ಹನಿಗೂಡಿದರೆ ಹಳ್ಳ. ಆ ಹಿರಿಯರು ಇಲ್ಲವಾದ ಮೇಲೆ ಆ ಪುಟಗಳನ್ನು ಯಾರಿಂದಲೂ ತುಂಬಲಾಗದು.

ಎರಡು ಬದಿಯ ಬರಹಗಳೂ ದಫ್ತರಿನ ನಡುವೆ ಎಲ್ಲಿಯಾದರೂ ಕೂಡಿಯೇ ಕೂಡುವುವು. ವಾಚನಾಲಯದ ಅಧಿಕಾರಿಗಳು ಒಂದು ಅಲಮಾರಿನ ಮೂಲೆಯನ್ನು ಬಿಟ್ಟುಕೊಟ್ಟರೆ, ಮೊದಲನೆಯ ಪುಟವನ್ನು ಬರೆಯಲು ನಾನು ಸಿದ್ಧನಿದ್ದೇನೆ.